ಎಡ ರಟ್ಟೆ

ಆರೂಕಾಲಿಗೆ ಎಚ್ಚರವಾದಾಗ ಸರೋಜಾಳ ಎಡಗೈ ಹೊದಿಕೆಯ ಹೊರಗೆ ಚಾಚಿಕೊಂಡಿತ್ತು. ಅಂಗೈ ಮೇಲ್ಮುಖವಾಗಿ, ರವಿಕೆಯ ತೋಳು ಭುಜದವರೆಗೂ ಸರಿದು, ಯಾರಾದರೂ ಬಂದು ಪಟ್ಟಿ ಸುತ್ತಲಿ ಎಂದು ಕಾಯುವ ಹಾಗಿತ್ತು. ಅವಳು ಅದನ್ನು ಬೇರೆಯವರ ಕೈಯನ್ನು ನೋಡುವಂತೆ ನೋಡಿ ಒಳಗೆ ಎಳೆದುಕೊಂಡಳು. ಗುರುವಾರ ಸಂಜೆ ಕುರುಗೋಡಿನಿಂದ ಬಂದ ಬಸ್ಸು ಸಿರುಗುಪ್ಪ ಮುಟ್ಟಿದಾಗ ಅವಳ ಗಂಡ, ಇಲ್ಲಿನ ಸಭೆಯ ಪಾಸ್ಟರ್ ಯರ್ರಿಸ್ವಾಮಿ, ಕಿಟಕಿಗೆ ತಲೆ ಕೊಟ್ಟು ಕೂತಿದ್ದ. ಕಂಡಕ್ಟರ್ ನಿದ್ದೆ ಅಂದುಕೊಂಡು ಎರಡು ಸಲ ಎಬ್ಬಿಸಿದನಂತೆ. ಶುಕ್ರವಾರ ಮಣ್ಣು ಮಾಡಿದರು. ಶನಿವಾರ ಮನೆ ತುಂಬ ಜನ. ಭಾನುವಾರ ತೆಕ್ಕಲಕೋಟೆಯ ಪಾಸ್ಟರ್ ಬಂದು ಆರಾಧನೆ ನಡೆಸಿ, ಸತ್ತವನ ಆರೋಗ್ಯವನ್ನೇ ಹೊಗಳಿ ಹೋದರು. ಇವತ್ತು ಸೋಮವಾರ. ಯಾರೂ ಬರಬೇಕಾಗಿಲ್ಲದ ಮೊದಲ ಬೆಳಗು. ಅಕ್ಕಿ ಗಿರಣಿ ಎಂದಿನಂತೆ ಶುರುವಾಗಿತ್ತು. ಬೇಯಿಸಿದ ನೆಲ್ಲಿನ ವಾಸನೆ ಕಿಟಕಿಯಿಂದ ಬಂದು, ಒಣಹಾಕಿದ ಅವನ ಅಂಗಿಯ ಮೇಲೆ ಹೊಟ್ಟಿನ ಬೂದಿ ಕರ್ರಗೆ ಕೂತಿತ್ತು. ಆ ಅಂಗಿಯನ್ನು ಒಗೆದವಳು ತಾನೇ.

ಅಡುಗೆಮನೆಯ ಹೊಸ್ತಿಲಲ್ಲಿ ಅತ್ತೆ ಹೊನ್ನೂರಮ್ಮ ಮಂಡಕ್ಕಿ ನೆನೆಸಿಟ್ಟುಕೊಂಡು ಕೂತಿದ್ದಳು. ಸಾವಿನ ಮನೆಯಲ್ಲೂ ವಗ್ಗಾಣಿ ಆಗಲೇಬೇಕಲ್ಲ. ಮುದುಕಿ ಹೆಸರು ಬದಲಿಸಿಕೊಳ್ಳದೆ ದೀಕ್ಷಾಸ್ನಾನ ತೆಗೆದುಕೊಂಡವಳು. ಮಗನಿಗೆ ಸಭೆಯವರು ಸಮುವೇಲ ಎಂದು ಹೆಸರಿಟ್ಟರೂ ಕೊನೆಯವರೆಗೂ ಯರ್ರಿ ಅಂದವಳು. ನಾಲ್ಕು ದಿನದಿಂದ ಅವಳು ಸೊಸೆಯ ಕಣ್ಣನ್ನೇ ನೋಡುತ್ತಿದ್ದಳು, ಒಲೆಯ ಮೇಲಿನ ಹಾಲು ನೋಡುವ ಹಾಗೆ. "ಅತ್ತುಬಿಡವ್ವಾ, ಎದಿ ಹಗುರಾಗ್ತೈತಿ" ಎಂದು ಶುಕ್ರವಾರ ಅಂದಿದ್ದಳು. ಅದು ಕರುಣೆಯೋ ಆಪಾದನೆಯೋ ಸರೋಜಾಳಿಗೆ ತಿಳಿದಿರಲಿಲ್ಲ. ಗೋರಿಯ ಬಳಿ ಹೆಂಗಸರು ತನ್ನನ್ನು ಹಿಡಿದುಕೊಂಡದ್ದು ಬೀಳದಿರಲೆಂದೋ, ಬೀಳಲಿಲ್ಲವಲ್ಲ ಎಂದು ನೋಡುವುದಕ್ಕೋ. ಈಗ ಮುದುಕಿ ಮಂಡಕ್ಕಿ ಹಿಂಡುತ್ತ ಅಂದಳು: "ಈ ಹೊತ್ತಿಗೆ ನಿನ್ನ ರಟ್ಟಿ ಹಿಡಕೊಂಡು ಕುಂತಿರತಿದ್ದ ನನ್ನ ಮಗ. ಬಳಿಗಾರ ಕುಂತಂಗ."

ಹೌದು, ಬಳೆಗಾರನ ಹಾಗೆಯೇ. ಆರು ತಿಂಗಳ ಹಿಂದೆ ಸಭಾಪಾಲಕರ ದೇಹ ಮತ್ತು ಮನಸ್ಸಿನ ಆರೋಗ್ಯದ ಬಗ್ಗೆ ಒಂದು ಅಧ್ಯಯನಕ್ಕೆ ಬಳ್ಳಾರಿ, ಸಿರುಗುಪ್ಪ, ಕುರುಗೋಡು ತಾಲೂಕುಗಳ ನಲವತ್ತಾರು ಪಾಸ್ಟರುಗಳ ಹೆಸರು ಬರೆದುಕೊಂಡಿದ್ದರು. ವಿಶ್ವವಿದ್ಯಾಲಯದಲ್ಲಿ ಸರೋಜಾಳಿಗಿಂತ ಎರಡು ವರ್ಷ ಚಿಕ್ಕವಳಾಗಿದ್ದ ಚೈತ್ರಾ ಅದರ ಕೆಲಸದಲ್ಲಿದ್ದಳು. ಮೊದಲ ದಿನ ಇದೇ ಮನೆಯಲ್ಲಿ ಯರ್ರಿಸ್ವಾಮಿಯ ರಟ್ಟೆಗೆ ಪಟ್ಟಿ ಕಟ್ಟಿ, ಬಂದ ಅಂಕಿ ನೋಡಿ, ಮತ್ತೊಮ್ಮೆ ಕಟ್ಟಿ, ಡಾಕ್ಟರಿಗೆ ಚೀಟಿ ಬರೆದುಕೊಟ್ಟಿದ್ದಳು. ದಿನಾ ಬೆಳಿಗ್ಗೆ ನೋಡಿ ಫೋನಿಗೆ ಕಳಿಸಿ ಎಂದು ಒಂದು ಬಿಪಿ ಮಷೀನನ್ನು ಎರವಲು ಬಿಟ್ಟುಹೋಗಿದ್ದಳು. "ಮೊದಲು ನಿನ್ನದು ನೋಡ್ತೀನಿ, ಮಷೀನು ಸರಿ ಐತೋ ಇಲ್ಲೋ ಗೊತ್ತಾಗಲಿ" ಎಂದು ಯರ್ರಿಸ್ವಾಮಿ ದಿನಾ ಸರೋಜಾಳಿಗೆ ಅನ್ನುತ್ತಿದ್ದ. ನಿದ್ದೆಗಣ್ಣಲ್ಲೇ ಅವಳು ಕೈ ಕೊಡುತ್ತಿದ್ದಳು. "ಅಲ್ಲಾಡಬ್ಯಾಡ. ಮಾತಾಡಬ್ಯಾಡ." ಪಟ್ಟಿ ಬಿಗಿಯುವಾಗ ಅವನು ಅವಳ ಮಣಿಕಟ್ಟು ಹಿಡಿದಿರುತ್ತಿದ್ದ, ಹಿಡಿಯುವ ಅಗತ್ಯವಿಲ್ಲದಿದ್ದರೂ. ಮದುವೆಯಾದ ಆರು ವರ್ಷದಲ್ಲಿ ಅವನು ದಿನಾ ತಪ್ಪದೆ ಅವಳನ್ನು ಮುಟ್ಟಿದ್ದು ಅದೊಂದೇ ಹೊತ್ತು. ಆಮೇಲೆ ಅವಳು ಚಹಾಕ್ಕಿಡಲು ಏಳುತ್ತಿದ್ದಳು. ಅವನು ತನ್ನ ಕೈಗೆ ಪಟ್ಟಿ ಕಟ್ಟಿಕೊಂಡದ್ದನ್ನು ಅವಳು ನೋಡಿದ್ದಳೇ? ಒಗ್ಗರಣೆಯ ಸಾಸಿವೆ ಸಿಡಿಯಿತು. ನೋಡಿರಲಿಲ್ಲ.

"ವಂದನಾಲು ಅಮ್ಮಗಾರು." ಬಾಗಿಲಲ್ಲಿ ಸಭೆಯ ಹಿರಿಯ ಮಾರೆಣ್ಣ, ಪಾಸ್ಟರ ಹೆಂಡತಿಗೆ ವಂದಿಸುತ್ತ ಚಪ್ಪಲಿ ಬಿಡುತ್ತಿದ್ದ. ಗಿರಣಿಯಲ್ಲಿ ಹಮಾಲರ ಮೇಸ್ತ್ರಿ. ಐವತ್ತೈದರ ಗಟ್ಟಿ ಆಳು. ಮುಖ ಇವತ್ತು ಇಟ್ಟಿಗೆಯ ಬಣ್ಣಕ್ಕಿತ್ತು. ಒಂದು ಕೈಯಿಂದ ಹಿಂಗತ್ತು ಒತ್ತಿಕೊಳ್ಳುತ್ತಲೇ ಕೂತ. ಕಣ್ಣು ಕೋಣೆಯ ಗೂಡುಗಳ ಮೇಲೆ ಒಂದೊಂದಾಗಿ ಓಡಾಡಿತು. ಪಾಸ್ಟರ್ ಸತ್ತ ಮೇಲೆ ಮನೆಯಲ್ಲಿ ಯಾವುದು ಸಭೆಯದು, ಯಾವುದು ಹೆಂಡತಿಯದು ಎಂದು ವಿಂಗಡಿಸುತ್ತಿದ್ದಾನೆ ಎಂದು ಸರೋಜಾ ಅಂದುಕೊಂಡಳು.

"ಗುಡಿ ಕೀಲಿಗೆ ಬಂದಿಯೇನಪಾ?" ಎಂದಳು ಹೊನ್ನೂರಮ್ಮ.

"ಗುಡಿ ಅನಬ್ಯಾಡ್ರವ್ವಾ, ಸಭಿ ಅನ್ರಿ. ಕೀಲಿ ಅಮ್ಮಗಾರ ಕಡೀನ ಇರ್ಲಿ." ಮಾರೆಣ್ಣ ಸ್ವಲ್ಪ ತಡೆದ. "ಆ ಮಷೀನು ಎಲ್ಲೈತ್ರೀ ಅಮ್ಮಗಾರು?"

"ಯಾವ ಮಷೀನು?" ಸರೋಜಾಳಿಗೆ ತನ್ನ ದನಿ ಗಟ್ಟಿಯಾಗಿ ಕೇಳಿಸಿತು.

"ಅದಽ ರೀ, ಬಿಪಿ ನೋಡೋದು. ಅಯ್ಯಗಾರು ಸಾಕ್ಷಿ ಹೇಳಿದಾಗ ಕೈಯಾಗ ಎತ್ತಿ ಹಿಡಿದಿದ್ರಲ್ಲ. ಅದಕ್ಕೊಂದು ಗಾಜಿನ ಪೆಟ್ಟಿಗಿ ಮಾಡಿಸಿ ಸಭಿಯಾಗ ಇಡಬೇಕಂತ ನನ್ನ ಮನಸ್ಸು."

"ಆಹಾ!" ಹೊನ್ನೂರಮ್ಮ ಸೌಟು ಕೆಳಗಿಟ್ಟಳು. "ಬಿಪಿ ವಾಸಿ ಆಗಿದ್ರ ನನ್ನ ಮಗನ ಎದಿ ಯಾಕ ನಿಂತ್ತಪಾ? ಗಾಜಿನ ಪೆಟ್ಟಿಗಿ ಮಾಡಿಸ್ತಾನಂತ ಇವ!"

"ಬಿಪಿ ಬ್ಯಾರೆ, ದೇವರ ಕರೆ ಬ್ಯಾರೆ, ಹೊನ್ನೂರವ್ವಾ. ಕರೆ ಬಂದ್ರ ಕುಸ್ತಿ ಆಡೋನೂ ಹೋಗಬೇಕು."

"ನಿನ್ನ ಕುತ್ತಿಗಿಗೆ ಏನಾಗೈತಿ?" ಎಂದು ಸರೋಜಾ ಕೇಳಿದಳು.

"ಎರಡು ದಿನದಿಂದ ಸೆಳಿತೈತ್ರಿ. ಅಯ್ಯಗಾರ ಹೆಣದ ಪೆಟ್ಟಿಗಿ ಹೊತ್ತಿದ್ದಕ್ಕ ಇರಬೇಕು."

"ನಿನಗೂ ಬಿಪಿ ಇತ್ತಲ್ಲ. ಮಾತ್ರಿ?"

"ಎಲ್ಲಿ ಮಾತ್ರಿ!" ಮಾರೆಣ್ಣ ನಕ್ಕ. "ಅಯ್ಯಗಾರು ಸಾಕ್ಷಿ ಹೇಳಿದ ದಿನಾನ ಚರಂಡಿಗೆ ಒಗದೆ. ಅವರಿಗೆ ತಾಯಿ ಆದ ದೇವರು ನನಗೇನು ಮಲತಾಯೇನ್ರಿ?"

ಸಾಕ್ಷಿ ಹೇಳಿದ ಆ ಭಾನುವಾರ ಸರೋಜಾ ಎರಡನೇ ಸಾಲಿನಲ್ಲಿ ಕೂತಿದ್ದಳು. ಯರ್ರಿಸ್ವಾಮಿಯ ಅಂಕಿ ಇಳಿದದ್ದನ್ನು ಅವನ ಬಾಯಿಂದ ಕೇಳಿದ್ದ ಇದೇ ಮಾರೆಣ್ಣ ಎದ್ದು ನಿಂತು, "ಅಯ್ಯಗಾರು, ಸಾಕ್ಷಿ ಹೇಳ್ರಿ" ಎಂದು ಒತ್ತಾಯ ಮಾಡಿದ್ದ. ಯರ್ರಿಸ್ವಾಮಿ ಮಷೀನನ್ನು ಎತ್ತಿ ಹಿಡಿದು, ನೂರಾ ಎಪ್ಪತ್ತೆಂಟು ಇದ್ದದ್ದು ಮಾತ್ರೆ ಬಿಟ್ಟು ಬರೀ ಪ್ರಾರ್ಥನೆಯಿಂದ ಇವತ್ತು ನೂರಾ ಇಪ್ಪತ್ತು ಎಂದಾಗ ಚಪ್ಪಾಳೆ ಬಿದ್ದಿತ್ತು. ಹೊರಬರುವಾಗ ಅವನ ಅಂಗಿಯ ಬೆನ್ನು ಒದ್ದೆಯಾಗಿತ್ತು. "ರೋಗಿ ಪಾಸ್ಟರ್ ಹತ್ರ ರೋಗದವರು ಪ್ರಾರ್ಥನೆಗೆ ಬರ್ತಾರೇನು?" ಎಂದು ಅವನು ಯಾವಾಗಲೋ ನಗುತ್ತ ಕೇಳಿದ್ದ. ಆಗ ಅವಳೂ ನಕ್ಕಿದ್ದಳು. ಮಾರೆಣ್ಣ ವಗ್ಗಾಣಿ ತಿಂದು, ಉಪ್ಪು ಸ್ವಲ್ಪ ಮುಂದಾಯಿತೆಂದು ಹೇಳಿ, ಕತ್ತು ಒತ್ತಿಕೊಳ್ಳುತ್ತಲೇ ಹೋದ.

ಒಂಬತ್ತಕ್ಕೆ ಚೈತ್ರಾಳ ಫೋನು ಬಂತು. "ಅಕ್ಕಾ, ಈಗ ಕೇಳಬಾರ್ದು, ನಾಚಿಕಿ ಆಗ್ತೈತಿ. ಆ ಮಷೀನು ಬೇಕಾಗಿತ್ತು. ಪೇಪರಿನ ಮ್ಯಾಲ ನಲವತ್ತಾರು ಮಂದಿಯೊಳಗ ಅಣ್ಣಾರಽ ಎಲ್ಲರಿಗಿಂತ ಗಟ್ಟಿ. ಅಂಥವರು ಹಿಂಗ್ ಹೋದ್ರಂದ್ರ ಮಷೀನಽ ಕೆಟ್ಟಿರಬೇಕು ಅಂತ ಮ್ಯಾಲಿನವರ ಅನುಮಾನ. ಕೆಟ್ಟಿದ್ರ ಅಣ್ಣಾರ ಅಂಕಿ ಎಲ್ಲ ತೆಗೆದುಹಾಕ್ತಾರ, ಅಷ್ಟಽ. ಯಾರೂ ಏನೂ ಕೇಳಂಗಿಲ್ಲ."

ಯಾರೂ ಏನೂ ಕೇಳುವುದಿಲ್ಲ. ಆ ಮಾತು ಕಿವಿಯಲ್ಲಿ ಉಳಿಯಿತು. ಇವಳು ಇಷ್ಟು ಮೆತ್ತಗೆ ಯಾಕೆ ಮಾತಾಡುತ್ತಾಳೆ? ಆರು ತಿಂಗಳು ದಿನಾ ಬೆಳಿಗ್ಗೆ ನನ್ನ ಗಂಡ ಎದ್ದಕೂಡಲೇ ಸಂದೇಶ ಕಳಿಸುತ್ತಿದ್ದದ್ದು ಇವಳಿಗೆ. ಸರೋಜಾ ಆಸ್ಪತ್ರೆಯವರು ಕೊಟ್ಟ ಪ್ಲಾಸ್ಟಿಕ್ ಚೀಲವನ್ನು ಮಂಚದ ಮೇಲೆ ಸುರುವಿದಳು. ಕೈಗಡಿಯಾರ, ಬೈಬಲ್ಲು, ಫೋನು, ಹತ್ತು ಮಾತ್ರೆಗಳ ಒಂದು ಹಾಳೆ. ಅದರಲ್ಲಿ ಒಂದು ಮಾತ್ರ ಒಡೆದಿತ್ತು. ಮಾತ್ರೆ ಬಿಟ್ಟೆನೆಂದು ಸಭೆಗೆಲ್ಲ ಹೇಳಿದವನ ಜೇಬಿನಲ್ಲಿ ಯಾರ ಮಾತ್ರೆ? ಗುರುವಾರ ಗುರುವಾರ ಕುರುಗೋಡಿನಲ್ಲಿ ಮನೆಕೂಟ ಎಂದು ಹೋಗುತ್ತಿದ್ದ. ನಾಲ್ಕು ಗಂಟೆಗೆ ಮುಗಿಯುವ ಕೂಟಕ್ಕೆ ಹೋದವನು ಏಳರ ಬಸ್ಸಿಗೆ ಬರುತ್ತಿದ್ದ. ಫೋನಿಗೆ ಬೀಗವಿರಲಿಲ್ಲ. ಅದೂ ಅವಳಿಗೆ ಅನುಮಾನವೇ. ಮುಚ್ಚಿಡುವುದನ್ನು ಬೇರೆಲ್ಲೋ ಇಟ್ಟವನು ಫೋನನ್ನು ತೆರೆದಿಡುತ್ತಾನೆ. ಚೈತ್ರಾಳ ಹೆಸರಿನ ಕೆಳಗೆ ಬೆರಳಿನಿಂದ ಮೇಲೆ ಮೇಲೆ ಸರಿಸಿದಳು. ೧೨೨/೭೮, ಸ್ತೋತ್ರ. ೧೧೮/೭೬, ಸ್ತೋತ್ರ. ಅದರ ಕೆಳಗೆ ಚೈತ್ರಾಳ ಹೆಬ್ಬೆರಳಿನ ಚಿತ್ರ. ಬೇರೆ ಒಂದು ಮಾತಿಲ್ಲ. ಅವಳಿಗೆ ಒಂದು ಕ್ಷಣ ನಿರಾಸೆಯಾಯಿತು. ಇನ್ನೊಬ್ಬ ಹೆಂಗಸಿದ್ದರೆ ಎಲ್ಲವೂ ಸುಲಭವಾಗುತ್ತಿತ್ತು, ಅಳುವುದೂ.

ಮಾರ್ಚ್ ತಿಂಗಳಿಗೆ ಬಂದಾಗ ಬೆರಳು ನಿಂತಿತು. ಒಂಬತ್ತು ದಿನ ಅಂಕಿಯಿಲ್ಲ. "ಸೆಲ್ ಮುಗಿದಿದೆ, ಕ್ಷಮಿಸಿ" ಎಂದು ಒಂದೇ ಸಾಲು. ಆ ಒಂಬತ್ತು ದಿನ ಅವಳು ತಂಗಿಯ ಹೆರಿಗೆಗೆ ಬಳ್ಳಾರಿಯ ತವರಲ್ಲಿದ್ದಳು.

ಮಷೀನು ಗೂಡಿನಲ್ಲಿ ಹಾಡಿನ ಪುಸ್ತಕಗಳ ಹಿಂದೆ ಇತ್ತು. ಅದರ ಬಲಗಡೆಯ ಗುಂಡಿ ಒತ್ತಿದರೆ ಹಳೆಯ ಅಂಕಿಗಳು ತಾರೀಖು, ಗಂಟೆಯೊಡನೆ ಬರುತ್ತವೆ. ಚೈತ್ರಾ ಅದನ್ನು ನೆನಪಿನ ಗುಂಡಿ ಅಂದಿದ್ದಳು. ಒತ್ತಿದಳು. ಬೆಳಗಿನ ಆರೂಕಾಲು, ೧೨೨/೭೮. ಆರೂಕಾಲು, ೧೧೮/೭೬. ದಿನಕ್ಕೆ ಒಂದೇ. ಎರಡನೆಯದಿಲ್ಲ. ಒತ್ತುತ್ತ ಒತ್ತುತ್ತ ಮಾರ್ಚಿಗೆ ಬಂದಳು. ಸೆಲ್ ಮುಗಿದಿರಲಿಲ್ಲ. ಮಧ್ಯಾಹ್ನ ಎರಡೂವರೆ, ೧೮೮/೧೧೬. ಮರುದಿನ ಹನ್ನೊಂದು, ೧೯೨/೧೧೮. ಹೀಗೆ ಒಂಬತ್ತು ದಿನ. ಮನೆ ಖಾಲಿಯಿದ್ದಾಗ ಒಬ್ಬನೇ ಬಾಗಿಲು ಹಾಕಿಕೊಂಡು ತನ್ನ ಕೈಗೆ ತಾನೇ ಪಟ್ಟಿ ಕಟ್ಟಿಕೊಂಡವನ ಅಂಕಿಗಳು. ಅವಳು ವಾಪಸು ಬಂದ ಬೆಳಿಗ್ಗೆ ಮತ್ತೆ ಆರೂಕಾಲು, ೧೨೦/೭೮. ಅವಳ ಎಡ ರಟ್ಟೆಯ ಒಳಮೈ ತಣ್ಣಗಾಯಿತು. ಆ ಬೆಳಗುಗಳನ್ನು ಅವಳು ಪ್ರೀತಿ ಎಂದು ತಿಳಿದಿದ್ದಳು. ಹಾಗಾದರೆ ಮಣಿಕಟ್ಟನ್ನು ಯಾಕೆ ಹಿಡಿದಿದ್ದ? ಅಷ್ಟು ಅಗತ್ಯವಿರಲಿಲ್ಲವಲ್ಲ.

ಅದೇ ಗುಂಡಿಯನ್ನು ಒತ್ತಿ ಹಿಡಿದರೆ ಎಲ್ಲ ಅಳಿಸಿಹೋಗುತ್ತದೆಂದು ಡಬ್ಬಿಯ ಮೇಲಿನ ಕಾಗದದಲ್ಲಿತ್ತು. ಹೆಬ್ಬೆರಳನ್ನು ಅದರ ಮೇಲೆ ಇಟ್ಟಳು. ಮಷೀನು ಕೆಟ್ಟಿತ್ತು ಎಂದರಾಯಿತು. ಸಾಕ್ಷಿ ಉಳಿಯುತ್ತದೆ, ಹೆಸರು ಉಳಿಯುತ್ತದೆ, ಗಾಜಿನ ಪೆಟ್ಟಿಗೆಯೂ ಆಗುತ್ತದೆ. ಮಾರೆಣ್ಣನ ಇಟ್ಟಿಗೆ ಬಣ್ಣದ ಮುಖ ಕಣ್ಣ ಮುಂದೆ ಬಂತು. ಅವಳು ಬೆರಳು ತೆಗೆಯಲಿಲ್ಲ, ಒತ್ತಲೂ ಇಲ್ಲ. ಕೊನೆಗೆ ಅಳಿಸದೆಯೇ ಮಷೀನನ್ನು ಡಬ್ಬಿಗೆ ಹಾಕಿಕೊಂಡು, "ಬಳ್ಳಾರಿಗೆ ಹೋಗಿ ಬರ್ತೀನತ್ತಿ" ಎಂದಳು.

"ಐದು ದಿನಾನೂ ಆಗಿಲ್ಲ, ಮಂದಿ ಏನಂತಾರ?"

"ಎರವಲು ತಂದದ್ದು ಐತಿ. ಕೊಟ್ಟು ಬರಬೇಕು."

ಮುದುಕಿ ಡಬ್ಬಿಯನ್ನು ನೋಡಿದಳು, ಸೊಸೆಯ ಮುಖ ನೋಡಿದಳು. "ಕೊಟ್ಟು ಬಾ. ಸತ್ತವರ ಮ್ಯಾಲ ಎರವು ಇರಬಾರ್ದು" ಎಂದಳು.

ನೇರ ಬಸ್ಸಿತ್ತು. ಅವಳು ಕುರುಗೋಡಿನ ಮೇಲೆ ಸುತ್ತಿ ಹೋಗುವ ಬಸ್ಸನ್ನೇ ಹತ್ತಿದಳು. ಗದ್ದೆಗಳು ಕಣ್ಣಿಗೆ ಬೀಳುತ್ತಿದ್ದವು, ಒಳಗೆ ಇಳಿಯುತ್ತಿರಲಿಲ್ಲ. ಮಡಿಲಲ್ಲಿ ಡಬ್ಬಿ ಮಗುವಿನಷ್ಟೇ ತೂಕವಿತ್ತು. ಭಾರ. ಆ ಪದ ಅವಳನ್ನು ಕುಕ್ಕಿತು. ಅಧ್ಯಯನದ ಪ್ರಶ್ನೆಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಿಕೊಟ್ಟವಳು ಅವಳೇ. ಏಳನೆಯ ಪ್ರಶ್ನೆ ಖಿನ್ನತೆಯದು. ಖಿನ್ನತೆ ಅಂದರೆ ಹಳ್ಳಿಯ ಪಾಸ್ಟರಿಗೆ ತಿಳಿಯುವುದಿಲ್ಲವೆಂದು, "ಮನಸ್ಸಿಗೆ ಭಾರ ಅನ್ನಿಸುತ್ತದೆಯೇ?" ಎಂದು ಬರೆದಳು. ನಲವತ್ತಾರು ಜನರಲ್ಲಿ ನಲವತ್ತೊಂದು ಜನ "ಪ್ರತಿದಿನ" ಎಂದು ಗುರುತು ಹಾಕಿದ್ದರು. ಒಬ್ಬರು ಪಕ್ಕದಲ್ಲಿ "ನಶಿಸುವ ಆತ್ಮಗಳಿಗಾಗಿ" ಎಂದೂ ಬರೆದಿದ್ದರು. ಚೈತ್ರಾ ಹೆದರಿಕೊಂಡು ಓಡಿಬಂದಿದ್ದಳು. ಸರೋಜಾಳಿಗೆ ನಗು ತಡೆಯಲಾಗಲಿಲ್ಲ. "ಅದು ಕಾಯಿಲೆ ಅಲ್ಲ ಲೇ. ಊರಿಗಾಗಿ ಪ್ರಾರ್ಥನೆ ಮಾಡಬೇಕು ಅನ್ನೋದಕ್ಕ ನಮ್ಮವರು ಭಾರ ಅಂತಾರ. ಭಾರ ಇಲ್ಲದವ ಎಂಥಾ ಪಾಸ್ಟರು? ನಂದಽ ತಪ್ಪು. ಆ ಪ್ರಶ್ನಿ ತೆಗೆದುಬಿಡು." ಯರ್ರಿಸ್ವಾಮಿ ಬಾಗಿಲ ಬಳಿ ಕೂತು ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದ. ಅವನೂ ನಕ್ಕ. ಆಮೇಲೆ ತಲೆ ಎತ್ತದೆ, "ಹಂಗಾದ್ರ ನಂದೂ ಲೆಕ್ಕಕ್ಕಿಲ್ಲ" ಎಂದ. ಚೈತ್ರಾಳೂ ನಕ್ಕಳು. ಮೂವರೂ ನಕ್ಕಿದ್ದರು. ಈಗ ಆ ಮಾತನ್ನು ಬಸ್ಸಿನಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು. ನಗುವಿಗಿಂತ ಮೊದಲು ಹೇಳಿದ್ದನೋ, ನಂತರವೋ? ನಂತರ. ನಕ್ಕು ಮುಗಿಸಿದ ಮೇಲೆ.

ಕುರುಗೋಡಿನಲ್ಲಿ ಬಸ್ಸು ಹದಿನೈದು ನಿಮಿಷ ನಿಲ್ಲುತ್ತದೆಂದು ಕಂಡಕ್ಟರ್ ಕೂಗಿದ. ನಿಲ್ದಾಣದ ಎದುರಿಗೇ ಒಂದು ಔಷಧಿ ಅಂಗಡಿ. ಕನ್ನಡಕದ ಮುದುಕ ದೊಡ್ಡಬಸಪ್ಪ, ಗೋಡೆಯ ಮೇಲೆ ಬಸವಣ್ಣನ ಪಟ, ಅದಕ್ಕೆ ಹೊಸ ಹೂವು. ಅವಳು ಮಾತ್ರೆಯ ಹಾಳೆ ತೋರಿಸಿದಳು. "ಇದು ಇಲ್ಲಿ ತಗೊಂಡಿದ್ದೇನ್ರಿ?"

"ಹೌದು, ನಮ್ಮದಽ. ಹೋದ ಗುರುವಾರ ಕೊಟ್ಟೀನಿ." ಮುದುಕ ಅವಳನ್ನು ದಿಟ್ಟಿಸಿದ. "ನೀವು ಮೇಷ್ಟ್ರ ಮನಿಯವರಾ? ರಾರಾವಿ ಸಾಲಿ ಮೇಷ್ಟ್ರು?"

ಮೇಷ್ಟ್ರು! ರಾರಾವಿ ಯರ್ರಿಸ್ವಾಮಿಯ ಹುಟ್ಟೂರು, ಅಷ್ಟೇ. ಆದರೂ ಅವಳು ಹೌದೆಂದು ತಲೆ ಆಡಿಸಿದಳು.

"ಬರ್ರಿ, ಕುಂದರ್ರಿ. ನೀವಽ ಅಲ್ಲೇನು ಬಿಪಿ ಇರೋರು? ಅಯ್ಯೋ, ಎಷ್ಟು ಸಣ್ಣೋರು! ಎರಡು ತಿಂಗಳಿಂದ ಗುರುವಾರ ಗುರುವಾರ ಬಂದು ಇದಽ ಬೆಂಚಿನ ಮ್ಯಾಲ ಕುಂದ್ರತಿದ್ರು ಮೇಷ್ಟ್ರು. ಮಾತ್ರಿ ತಗೊಂತಿದ್ದಿಲ್ಲ, ಬರೇ ನಿಮ್ಮ ಮಾತು. 'ನಮ್ಮಾಕಿ ಮಾತ್ರಿ ನುಂಗಾಕ ನಾಚ್ತಾಳ. ಮಂದಿ ಏನಂದಾರು ಅಂತ ಹೆದರ್ತಾಳ. ಮುಂಜಾನಿ ಎದ್ರ ಎದಿ ಮ್ಯಾಲ ಬಂಡಿ ನಿಂತಂಗ ಆಗ್ತೈತಂತ, ಯಾರ ಮುಂದೂ ಬಾಯಿ ಬಿಡಂಗಿಲ್ಲ. ಮನಿಯವರಿಗೂ ಗೊತ್ತಾಗಂಗಿಲ್ಲ' ಅಂತಿದ್ರು. ನಾ ಬೈದೆ ಕಡೀಕ. ಮೇಷ್ಟ್ರಽ, ನೀವಽ ಕೈಯಾರೆ ನುಂಗಸ್ರಿ, ಸತ್ತು ಗಿತ್ತು ಹೋದಾರು ಅಂದೆ. ಆಗ ತಗೊಂಡ್ರು." ಮುದುಕ ಹಾಳೆಯನ್ನು ಬೆಳಕಿಗೆ ಹಿಡಿದ. "ಒಂದಽ ನುಂಗೀರಿ. ಯಾಕವ್ವಾ? ಈಗ ಹೆಂಗದೀರಿ?"

"ಅದೀನ್ರಿ" ಎಂದಳು ಸರೋಜಾ.

"ಮನಸ್ಸಿನ ಮಾತು ಗಂಡನ ಮುಂದಾದ್ರೂ ಹೇಳಬೇಕವ್ವಾ. ನಿಮ್ಮ ಗಂಡ ದೇವರಂಥಾ ಮನುಷ್ಯ."

ಬಸ್ಸಿನ ಹಾರನ್ನು ಕೇಳಿಸಿತು. ಅವಳ ರಟ್ಟೆಯನ್ನು ಅವನು ಸಿರುಗುಪ್ಪದಲ್ಲಿ ತನ್ನದೆಂದು ತೋರಿಸಿದ್ದ. ತನ್ನ ಎದೆಯನ್ನು ಇಲ್ಲಿ ಅವಳದೆಂದು ತೋರಿಸಿದ್ದ. ಏಳನೆಯ ಪ್ರಶ್ನೆಗೆ ಉತ್ತರ ಹೇಳಲು ಇಪ್ಪತ್ತೈದು ಮೈಲಿ ಬಂದು, ಹೆಂಡತಿಯ ಸೆರಗಿನ ಹಿಂದೆ ನಿಂತು ಹೇಳಿದ್ದ. ಸೀಟಿನಲ್ಲಿ ಕೂತ ಮೇಲೆ ತಾನು ಕಿಟಕಿಗೆ ತಲೆ ಕೊಟ್ಟಿರುವುದು ಗೊತ್ತಾಗಿ ನೆಟ್ಟಗೆ ಕೂತಳು. ಮುದುಕ ಹೇಳಿದ್ದರಲ್ಲಿ ಸುಳ್ಳು ಯಾವುದು ಎಂದು ಹುಡುಕಿದಳು. ಮನಿಯವರಿಗೂ ಗೊತ್ತಾಗಂಗಿಲ್ಲ. ಅದೊಂದು ಸುಳ್ಳಾಗಿರಬಹುದಿತ್ತು.

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಪಟಗಳಿಗೆ ಕಟ್ಟು ಹಾಕುವ ಅಂಗಡಿಯ ಮೇಲೆ ಚೈತ್ರಾಳ ಕೋಣೆ. ಒಂದೂವರೆಯ ಬಿಸಿಲಿಗೆ ತಗಡಿನ ಮಾಡು ಟಕ್ ಟಕ್ ಅನ್ನುತ್ತಿತ್ತು. ಚೈತ್ರಾ ಎದ್ದು ಬಂದು ಅಪ್ಪಿಕೊಳ್ಳಲು ನೋಡಿದಳು. ನಡುವೆ ಡಬ್ಬಿ ಇತ್ತು. "ನೀವು ಯಾಕ ಬರಾಕ ಹೋದ್ರಿ ಅಕ್ಕಾ, ನಾನಽ ಬರ್ತಿದ್ದೆ. ಕೆಟ್ಟ ಮಷೀನಿಗೆ ಏನು ಅವಸರ ಇತ್ತು?"

"ಕೆಟ್ಟಿಲ್ಲ."

"ಹೋಗ್ಲಿ ಬಿಡ್ರಿ. ಕೆಟ್ಟೈತಿ ಅಂತಽ ಬರೀತೀನಿ ನಾನು. ಅಣ್ಣಾರ ಹೆಸರಿಗೂ ಒಳ್ಳೇದು." ಚೈತ್ರಾಳ ಕಣ್ಣು ಬೇರೆ ಕಡೆ ಹೋಯಿತು. ಇವಳಿಗೂ ಏನೋ ಅನುಮಾನವಿದೆ, ಮೊದಲಿನಿಂದಲೂ ಇತ್ತು ಎಂದು ಸರೋಜಾಳಿಗೆ ಹೊಳೆಯಿತು.

ಅವಳು ಕುರ್ಚಿ ಎಳೆದುಕೊಂಡು ಕೂತು, ರವಿಕೆಯ ಎಡತೋಳು ಮೇಲೆ ಸರಿಸಿ, ಅಂಗೈ ಮೇಲ್ಮುಖವಾಗಿ ಮೇಜಿನ ಮೇಲೆ ಇಟ್ಟಳು. "ಮೊದಲು ನಂದು ನೋಡು. ಮಷೀನು ಸರಿ ಐತೋ ಇಲ್ಲೋ ಗೊತ್ತಾಗಲಿ."

ಚೈತ್ರಾ ಪಟ್ಟಿ ಸುತ್ತಿದಳು. ಮಣಿಕಟ್ಟು ಹಿಡಿಯಲಿಲ್ಲ. ಪಟ್ಟಿ ಬಿಗಿಯುತ್ತ ಬಂದಂತೆ ಸರೋಜಾ ಮೊದಲ ಸಲ ಏನನ್ನೋ ಬೇಡಿಕೊಂಡಳು. ಇವತ್ತಾದರೂ ಏರಿರಲಿ. ನೂರಾ ಐವತ್ತು, ನೂರಾ ಅರವತ್ತು, ಗಂಡ ಸತ್ತವಳ ಅಂಕಿ ಯಾವುದೋ ಅದು. ಗಾಳಿ ಸುಸ್ಸೆಂದು ಇಳಿಯಿತು. ೧೨೨/೭೮.

ಅವಳ ಮುಖಕ್ಕೆ ರಕ್ತ ನುಗ್ಗಿತು. ಊರ ಹೆಂಗಸರು, ಅತ್ತೆ, ತೆಕ್ಕಲಕೋಟೆಯ ಪಾಸ್ಟರ್ ಎಲ್ಲರೂ ಬಂದು ಆ ಅಂಕಿಯನ್ನು ಬಗ್ಗಿ ನೋಡಿದ ಹಾಗಾಯಿತು. ಚೈತ್ರಾ ಅಂಕಿ ನೋಡಿದಳು, ಗೋಡೆಗೆ ತೂಗುಹಾಕಿದ್ದ ಯರ್ರಿಸ್ವಾಮಿಯ ಅಂಕಿಗಳ ಹಾಳೆಗಳನ್ನು ಮಗುಚಿದಳು. ಅವಳ ಬೆರಳು ಒಂದು ಸಾಲಿನಿಂದ ಇನ್ನೊಂದಕ್ಕೆ ಇಳಿಯುತ್ತ ನಿಧಾನವಾಯಿತು. "ಅಕ್ಕಾ..."

"ಬೆಳಗಿನವೆಲ್ಲ ನನ್ನವು. ಮಾರ್ಚಿನ ಒಂಬತ್ತು ಅವರವು, ಒಳಗ ಅದಾವು, ಒತ್ತಿ ನೋಡು. ಇನ್ನ ಆ ಏಳನೇ ಪ್ರಶ್ನಿ. ಅವರದೊಂದು ಉತ್ತರ ತಿರುಗಿ ಸೇರಿಸು. ಅದು ಪ್ರಾರ್ಥನೆಯ ಭಾರ ಆಗಿರಲಿಲ್ಲ." ಮಾತು ಮುಗಿಯಿತು ಅಂದುಕೊಂಡಳು, ಮುಗಿದಿರಲಿಲ್ಲ. "ಬ್ಯಾರೆ ಮಷೀನು ಇದ್ರ ತಗೊಂಡು ಈಗಿನ ಬಸ್ಸಿಗೆ ನನ್ನ ಕೂಡ ಬಾ. ಮಾರೆ‍ಣ್ಣನ ರಟ್ಟಿಗೆ ಕಟ್ಟಬೇಕು. ಇವರ ಮಾತು ಕೇಳಿ ಮಾತ್ರಿ ಬಿಟ್ಟಾನ. ಮುಖ ಕೆಂಪಾಗೈತಿ."

"ಅವರು ಯಾಕಂತ ಕೇಳಿದ್ರ?"

"ಸಭಿಯಾಗ ಸಾಕ್ಷಿ ಹೇಳ್ತೀನಿ. ನಾನಽ ನಿಂತು."

ಕೆಳಗೆ ಯಾರದೋ ಪಟಕ್ಕೆ ಮೊಳೆ ಹೊಡೆಯುತ್ತಿದ್ದರು. ಚೈತ್ರಾ ಪೆನ್ನು ತೆರೆದು, ಕೆಲಸದ ದನಿಯಲ್ಲಿ ಕೇಳಿದಳು: "ಈಗ ಬಂದದ್ದನ್ನ ಯಾರ ಹೆಸರಿನಾಗ ಬರೀಲಿ ಅಕ್ಕಾ?"

"ನನ್ನ ಹೆಸರಿನಾಗ."

ಸರೋಜಾ ಪಟ್ಟಿಯನ್ನು ಪರ್ರೆಂದು ಬಿಚ್ಚಿದಳು. ರಟ್ಟೆಯ ಮೇಲೆ ಅದರ ಅಂಚಿನ ಗೆರೆ ಕೆಂಪಗೆ ಉಳಿದಿತ್ತು. ಪಟ್ಟಿಯನ್ನು ಅವನು ಸುತ್ತುತ್ತಿದ್ದ ಹಾಗೆಯೇ ಬಿಗಿಯಾಗಿ ಸುತ್ತಿ, ಡಬ್ಬಿಯಲ್ಲಿಟ್ಟು, ಮುಚ್ಚಳ ಹಾಕಿ, ಮೇಜಿನ ಆ ಬದಿಗೆ ಸರಿಸಿದಳು.